ಹೃದಯದ ಪಾಠಕ್ಕೆ ಆಟದ ಅವಧಿ ಬಲಿಯಾಗದಿರಲಿ

ಅಭ್ಯಾಸ ಬೋಧನೆಯಲ್ಲಿ ಪಾಠ ಉಳಿದರೆ ಪ್ರಶಿಕ್ಷಣಾರ್ಥಿಗೆ ಸುಲಭವಾಗಿ ಸಿಗುವುದು ಆಟದ ಅವಧಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಯೇ ಹೋದರೂ ಇದೇ ರೂಢಿ. ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದ ಹೃದಯದ ಚಿತ್ರ ಬರೆಸಲು, ಹೃದಯಕ್ಕೇ ಬೇಕಾದ ಆ ಸಮಯವನ್ನು ಕಿತ್ತುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಚಿತ್ರದಲ್ಲಿ ಹೃದಯವೊಂದು ಪಂಪು. ನಿಜದಲ್ಲಿ ಅದು ದುಡಿಮೆಗೆ ತಕ್ಕಂತೆ ಬದಲಾಗುವ ಅಂಗ. ಹುಟ್ಟಿದ ಸ್ವಲ್ಪ ಕಾಲದಲ್ಲೇ ಹೃದಯದ ಸ್ನಾಯುಕೋಶಗಳ ವಿಭಜನೆ ಬಹುಪಾಲು ನಿಲ್ಲುತ್ತದೆ. ಗರಡಿಯಲ್ಲಿ ಸಾಮು ಮಾಡುವ ಪೈಲ್ವಾನನ ತೋಳಿನಂತೆ, ವ್ಯಾಯಾಮದಿಂದ ಹೃದಯದಲ್ಲೂ ಮುಖ್ಯವಾಗಿ ಇರುವ ಕೋಶಗಳೇ ದೊಡ್ಡದಾಗುತ್ತವೆ. ಅಧಿಕ ರಕ್ತದೊತ್ತಡದಲ್ಲೂ ಹೃದಯ ದಪ್ಪವಾಗುತ್ತದೆ. ಆದರೆ ಅಲ್ಲಿ ನಾರಿನ ಅಂಗಾಂಶ ಹೆಚ್ಚಿ, ಕ್ರಮೇಣ ಶಕ್ತಿ ಕುಂದುತ್ತದೆ.

ಹೊಸ ಕೋಶಗಳು ಹುಟ್ಟುವುದೇ ಇಲ್ಲವೇ? ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಕಾರ್ಬನ್-14 ಮನುಷ್ಯರ ಡಿಎನ್‌ಎಯಲ್ಲೂ ಉಳಿದಿತ್ತು. ಅದನ್ನು ಅಳೆದ ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಉತ್ತರ ಕೊಟ್ಟರು: 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1, 75ರಲ್ಲಿ ಶೇ. 0.45ರಷ್ಟು ಕೋಶಗಳು ಹೊಸದಾಗುತ್ತವೆ. 2018ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಎಂಟು ವಾರ ಚಕ್ರದಲ್ಲಿ ಓಡಿದ ಇಲಿಗಳಲ್ಲಿ ಹೊಸ ಹೃದಯಕೋಶಗಳು ನಾಲ್ಕು ಪಟ್ಟಿಗೂ ಹೆಚ್ಚಾದದ್ದನ್ನು ಕಂಡರು. ಇದು ಇಲಿಗಳ ಫಲಿತಾಂಶ, ಮನುಷ್ಯರಲ್ಲಿ ಸಾಬೀತಾಗಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಸಾಕ್ಷ್ಯ ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿಸುವುದೂ ವಿಜ್ಞಾನ ಬೋಧನೆಯೇ.

ಇದರ ತುರ್ತು ಇನ್ನೊಂದು ಕಡೆಯಿದೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ‘ವ್ಯಾಯಾಮ ಮಾಡಿದ್ರ ಹಾರ್ಟ್ ಅಟ್ಯಾಕ್ ಆಗತೈತಲ್ರೀ?’ ಎಂಬ ಅಂಜಿಕೆ ಮನೆಮನೆಗೂ ಬಂತು. ಭಾಗಗಳನ್ನು ಗುರುತಿಸಿದ ಚಿತ್ರ ಇದಕ್ಕೆ ಉತ್ತರಿಸದು. ಹೃದಯಾಘಾತಕ್ಕೆ ಹೆಚ್ಚಾಗಿ ಕಾರಣ ರಕ್ತನಾಳದ ಅಡಚಣೆ. ನಿಯಮಿತ, ಮಿತವಾದ ವ್ಯಾಯಾಮ ಆ ಅಪಾಯವನ್ನು ತಗ್ಗಿಸುತ್ತದೆ. ಮೊದಲೇ ಹೃದ್ರೋಗವಿದ್ದವರಿಗೆ ರೂಢಿಯಿಲ್ಲದ ಭಾರೀ ಶ್ರಮ ಅಪಾಯ ತರಬಹುದು. ಎರಡನ್ನೂ ಹೇಳಿದಾಗಲೇ ಅಂಜಿಕೆ ತಿಳಿವಳಿಕೆಯಾಗುತ್ತದೆ.

ಆದ್ದರಿಂದ ಆಟದ ಅವಧಿಯನ್ನು ಕಸಿಯದೆ, ದೈಹಿಕ ಶಿಕ್ಷಕರೊಂದಿಗೆ ಸೇರಿ ಅಲ್ಲೇ ಪಾಠ ಮಾಡೋಣ. ಓಟಕ್ಕೆ ಮೊದಲು, ಓಡಿದ ಕೂಡಲೇ, ಐದು ನಿಮಿಷ ವಿಶ್ರಾಂತಿಯ ನಂತರ ಮಕ್ಕಳು ತಮ್ಮ ನಾಡಿ ಎಣಿಸಲಿ. ಮೂರು ಅಂಕಿಗಳಿಂದ ನಕ್ಷೆ ಬರೆಯಲಿ. ಎದೆನೋವು, ತಲೆಸುತ್ತು, ಹೃದಯದ ತೊಂದರೆ ಇರುವವರು ಓಡದೆ ಸಮಯ ನೋಡಲಿ. ಕಪ್ಪತಗುಡ್ಡದ ಸೆರಗಿನ ಹಳ್ಳಿಗಳಿಂದ ಸೈಕಲ್ ತುಳಿದು ಬರುವ ಮಕ್ಕಳ ನಾಡಿ ಬೇಗ ಇಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಅವರೇ ಎತ್ತಲಿ.

ಪೋರ್ಷನ್ ಮುಗಿಯಬೇಕು, ವೀಕ್ಷಣಾ ಪತ್ರದಲ್ಲಿ ಕಪ್ಪುಹಲಗೆಗೆ ಅಂಕಗಳಿವೆ ಎಂಬ ಮಾತು ನಿಜ. ಮೈದಾನದ ಇಂಥ ಪಾಠವನ್ನೂ ಒಂದು ಪೂರ್ಣ ಪಾಠವೆಂದು ಎಣಿಸಿದರೆ ಆ ತೊಡಕು ಬಗೆಹರಿಯುತ್ತದೆ. ಮಾರ್ಗದರ್ಶಕ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ.