ಫಾರ್ಮ್ ತುಂಬಿಸಿಕೊಂಡು ಹೋದವರು ಉತ್ತರವನ್ನೂ ತಂದುಕೊಡಲಿ

ನಿಮ್ಮ ಊರಿಗೂ ಅವರು ಬಂದಿರಬಹುದು. ಬಿಳಿ ಕೋಟು ಹಾಕಿದ ನಾಲ್ಕೈದು ನರ್ಸಿಂಗ್ ವಿದ್ಯಾರ್ಥಿಗಳು, ಕೈಯಲ್ಲಿ ಪ್ರಶ್ನೆಗಳ ಹಾಳೆ. 'ಎಣ್ಣಿ ಹೊಡಿಯುವಾಗ ಕೈಗವಸು ಹಾಕ್ಕೋತೀರೇನ್ರಿ? ಮುಖಕ್ಕ ಏನು ಕಟ್ಕೋತೀರಿ? ಹತ್ತಿ ಧೂಳಿನಿಂದ ಯಾವ ಜಡ್ಡು ಬರ್ತದ ಗೊತ್ತೇನ್ರಿ?' ಎಂದು ಕೇಳುತ್ತಾರೆ. ನಾವು ಉತ್ತರ ಹೇಳುತ್ತೇವೆ, ಸಹಿ ಹಾಕುತ್ತೇವೆ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತೇವೆ. ಅವರು ಚಾರ್ಟ್ ತೋರಿಸಿ ಅರ್ಧ ತಾಸು ಪಾಠ ಮಾಡುತ್ತಾರೆ. ಒಂದು ವಾರ ಬಿಟ್ಟು ಬಂದು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಆಮೇಲೆ ಅವರ ಸುದ್ದಿಯೇ ಇರುವುದಿಲ್ಲ.

ಇದು ಸಂಶೋಧನೆ. ಎಂ.ಎಸ್ಸಿ. ನರ್ಸಿಂಗ್ ಓದುವವರು ಪದವಿಗಾಗಿ ಒಂದು ಪ್ರಬಂಧ ಬರೆಯಬೇಕು. ದುಡಿಯುವ ಜನರಿಗೆ ತಮ್ಮ ಕೆಲಸದಿಂದ ಬರುವ ರೋಗಗಳ ಬಗ್ಗೆ ಎಷ್ಟು ಗೊತ್ತಿದೆ, ಪಾಠ ಮಾಡಿದ ಮೇಲೆ ಎಷ್ಟು ಗೊತ್ತಾಯಿತು ಎಂದು ಅಳೆಯುವುದು ಅದರಲ್ಲಿ ಬಹಳ ಸಾಮಾನ್ಯವಾದ ವಿಷಯ. ಪ್ರಬಂಧ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ, ಗಟ್ಟಿ ರಟ್ಟು ಹಾಕಿಸಿಕೊಂಡು ಗ್ರಂಥಾಲಯ ಸೇರುತ್ತದೆ. ಉತ್ತರ ಕೊಟ್ಟವರ ಕೈಗೆ ಮಾತ್ರ ಬರುವುದಿಲ್ಲ.

ನಾವು ಈ ಸಂಶೋಧನೆಯ ವಿರೋಧಿಗಳಲ್ಲ. ಅದು ಊರಿಗೆ ಮರಳಿ ಬರಲಿ ಎನ್ನುವುದಷ್ಟೇ ನಮ್ಮ ಮಾತು.

ಯಾಕೆಂದರೆ, 'ನಿಮ್ಮ ಕೆಲಸವೇ ನಿಮಗೆ ಜಡ್ಡು ತರುತ್ತಿದೆಯಾ' ಎಂದು ಕೇಳಲು ನಮ್ಮ ಕಡೆ ಬೇರೆ ಯಾರೂ ಬರುವುದಿಲ್ಲ. ದೊಡ್ಡ ಕಾರ್ಖಾನೆಯ ಕಾರ್ಮಿಕನಿಗೆ ಇಎಸ್‌ಐ ಇದೆ. ಹೊಲದ ಕೂಲಿಗೆ ಅದಿಲ್ಲ. ಹತ್ತಿ ಜಿನ್ನಿಂಗ್ ಮಿಲ್ಲುಗಳನ್ನು ಕೂಡ 1948ರ ಇಎಸ್‌ಐ ಕಾಯ್ದೆ 'ಹಂಗಾಮಿ ಕಾರ್ಖಾನೆ' ಎಂದು ಹೊರಗಿಟ್ಟಿತು. ಹಂಗಾಮು ಮುಗಿಯುತ್ತದೆ, ಎದೆಗೆ ಹೋದ ಧೂಳು ಉಳಿಯುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳ ಕೆಮ್ಮಿಗೆ, ಕೈ ಉರಿಗೆ ಯಾವ ರಿಜಿಸ್ಟರಿನಲ್ಲಿ ಜಾಗ ಇದೆ?

ಕಡೆಗೆ ಏನಾಗುತ್ತದೆ? ಉಸಿರು ಕಟ್ಟಿದಾಗ ಹುಬ್ಬಳ್ಳಿಯ ಬಸ್ಸು ಹತ್ತುತ್ತೇವೆ, ವಿದ್ಯಾನಗರದಲ್ಲಿ ಇಳಿಯುತ್ತೇವೆ. 1957ರಲ್ಲಿ ಆರಂಭವಾದ ಕಿಮ್ಸ್ ಇರುವುದು ಅಲ್ಲೇ. ಸುತ್ತಲಿನ ಎಷ್ಟೋ ಜಿಲ್ಲೆಗಳ ಬಡವರಿಗೆ ಅದೇ ದೊಡ್ಡಾಸ್ಪತ್ರೆ. ಆದರೆ ಎಣ್ಣೆ ಹೊಡೆದು ಬಿದ್ದವನನ್ನು ಅಲ್ಲಿಗೆ ಒಯ್ಯುವ ಮೊದಲು ಹೊಲದಲ್ಲೇ ಮಾಡಬೇಕಾದ ಕೆಲಸ ಇರುತ್ತದೆ. ಆ ತಿಳಿವಳಿಕೆ ಊರಲ್ಲಿರಬೇಕು, ಗ್ರಂಥಾಲಯದಲ್ಲಲ್ಲ.

ಒಂದು ಉದಾಹರಣೆ ನೋಡಿ. ಕ್ರಿಮಿನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತ್ಯಂತ ಘೋರ ವಿಷ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ. 1971ರ ನಿಯಮಗಳಲ್ಲೇ ಇದು ಇದೆ. ಓದು ಬರದವರಿಗೂ ತಿಳಿಯಲಿ ಎಂದೇ ಮಾಡಿದ ಗುರುತು. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹಸಿರು ಕಂಡರೆ 'ಬೆಳೆಗೆ ಒಳ್ಳೇದು' ಅಂದುಕೊಳ್ಳುವವರೇ ಹೆಚ್ಚು. ವಿಷಕ್ಕೆ 'ಔಷಧ', 'ಎಣ್ಣೆ' ಎಂದು ಹೆಸರಿಟ್ಟುಕೊಂಡವರು ನಾವು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರು ವಿಷ ಕುಡಿದವರಲ್ಲ. ಆಳೆತ್ತರ ಬೆಳೆದ ಹತ್ತಿಯ ನಡುವೆ ನಿಂತು ಪಂಪು ಹೊಡೆದವರು. ವಿಷ ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ. ನಮ್ಮ ಎರೆ ಹೊಲಗಳಲ್ಲೂ ಅದೇ ಹತ್ತಿ, ಅದೇ ಪಂಪು.

ಈಗ ಸಂಶೋಧನೆ ಮಾಡುವವರಿಗೆ ಒಂದು ಮಾತು. ನಿಮ್ಮ ಪ್ರಶ್ನೆಗಳೆಲ್ಲ 'ನಿಮಗೆ ಗೊತ್ತಾ?' ಎಂದೇ ಇರುತ್ತವೆ. ಗೊತ್ತಿರುವುದು ಬೇರೆ, ಮಾಡಲು ಆಗುವುದು ಬೇರೆ. ಕೈಗವಸು ಹಾಕಬೇಕೆಂದು ಕೂಲಿಯವನಿಗೆ ಗೊತ್ತು. ಅದನ್ನು ಕೊಡಿಸುವವರು ಯಾರು? ಬೇಸಿಗೆಯಲ್ಲಿ ರಬ್ಬರ್ ಕೈಗವಸು ಹಾಕಿಕೊಂಡು ಎಷ್ಟು ಹೊತ್ತು ಪಂಪು ಹೊಡೆಯಬಹುದು? ಮಿಲ್ಲಿನಲ್ಲಿ ಮಾಸ್ಕ್ ಕೇಳಿದರೆ ನಾಳೆ ಕೆಲಸ ಇರುತ್ತದಾ? ಈ ಪ್ರಶ್ನೆಗಳೂ ಹಾಳೆಯಲ್ಲಿ ಬರಲಿ. ಇಲ್ಲದಿದ್ದರೆ ಎಲ್ಲ ತಪ್ಪು ನಮ್ಮ ಅಜ್ಞಾನದ್ದೇ ಎಂದಾಗುತ್ತದೆ, ಮಾಲೀಕನೂ ಮಾರಾಟಗಾರನೂ ಲೆಕ್ಕದಿಂದ ಜಾರಿಕೊಳ್ಳುತ್ತಾರೆ.

ಊರಿನ ಜಡ್ಡಿನ ಸುದ್ದಿ ಹೊರಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡು ಸಾಕ್ಷಿ. ಅಲ್ಲಿ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಊರಲ್ಲೇ ಇದ್ದ ವೈದ್ಯ ಡಾ. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿದರು. ಕೃಷಿ ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಊರಿನವರು ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು. ನೋಡಿದ್ದನ್ನು ಯಾರೋ ಜನರ ಭಾಷೆಯಲ್ಲಿ ಹೇಳಿದ್ದರಿಂದ ಇದಾಯಿತು.

ಹಾಗಾಗಿ ನಾವು ಕೇಳುವುದು ಮೂರೇ. ಒಂದು, ಪ್ರತಿ ಅಧ್ಯಯನದ ಫಲಿತಾಂಶ ಒಂದು ಪುಟದ ಕನ್ನಡದಲ್ಲಿ ಆ ಊರಿಗೆ ಬರಲಿ. ಎರಡು, ಅದನ್ನು ಗ್ರಾಮಸಭೆಯಲ್ಲಿ ಓದಲಿ. ಊರಿನ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೂ ಆಶಾ ಕಾರ್ಯಕರ್ತೆಗೂ ಒಂದೊಂದು ಪ್ರತಿ ಸಿಗಲಿ. ಮೂರು, ಪಾಠದ ಚಾರ್ಟನ್ನು ವಾಪಸ್ ಒಯ್ಯದೆ ಶಾಲೆ ಗೋಡೆಗೋ ಗೊಬ್ಬರದಂಗಡಿಗೋ ಅಂಟಿಸಿ ಹೋಗಲಿ.

ನಮ್ಮ ಕೆಲಸವೂ ಇದೆ. ಮುಂದಿನ ಸಲ ಯಾರಾದರೂ ಹಾಳೆ ಹಿಡಿದು ಬಂದರೆ ಓಡಿಸಬೇಡಿ, ಚಹಾ ಕೊಡಿ. ಆದರೆ ಸಹಿ ಹಾಕುವ ಮುಂಚೆ 'ಇದರಾಗ ಏನು ಸಿಕ್ತು ಅಂತ ನಮಗ ಯಾವಾಗ ಹೇಳ್ತೀರಿ?' ಎಂದು ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕು. ಬೇಡ ಅನಿಸಿದರೆ ಉತ್ತರ ಕೊಡದೇ ಇರುವುದೂ ಹಕ್ಕೇ.

ಅವರು ಬರುವವರೆಗೆ ಇಷ್ಟನ್ನು ನೆನಪಿಡಿ. ಎಣ್ಣೆ ಹೊಡೆಯುವಾಗ ತಲೆ ಸುತ್ತಿದರೆ, ಬಾಯಲ್ಲಿ ಜೊಲ್ಲು ಸುರಿದರೆ, ವಾಂತಿ ಬಂದರೆ, ಕಣ್ಣು ಮಂಜಾದರೆ ಕೆಲಸ ನಿಲ್ಲಿಸಿ. ಬಟ್ಟೆ ಕಳಚಿ, ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ಮೈ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನು, ಇಲ್ಲವೇ ಅದರ ಲೇಬಲ್ಲಿನ ಫೋಟೋವನ್ನು ಒಯ್ಯಿರಿ. ಯಾವ ವಿಷ ಎಂದು ಡಾಕ್ಟರಿಗೆ ಬೇಗ ತಿಳಿದಷ್ಟೂ ಒಳ್ಳೆಯದು.