ಹೂವಿನ ಚಿತ್ರಕ್ಕೆ ಹೊರಟವರು

2018ರ ಆಗಸ್ಟ್ 14ರ ರಾತ್ರಿ ಬೆಂಗಳೂರಿನ ನಾಲ್ವರು ಗೆಳೆಯರು ಕಾರಿನಲ್ಲಿ ಮುನ್ನಾರಿನತ್ತ ಹೊರಟರು. ಸ್ವಾತಂತ್ರ್ಯ ದಿನದ ರಜೆಗೆ ಮತ್ತೆರಡು ದಿನ ಸೇರಿಸಿ ವಾರಾಂತ್ಯದವರೆಗೆ ಬಿಡುವು ಮಾಡಿಕೊಂಡಿದ್ದರು. ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿಯನ್ನು ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಸೆರೆಹಿಡಿಯಬೇಕೆಂಬುದು ವರ್ಷದ ಹಿಂದೆಯೇ ಮಾಡಿದ ಸಂಕಲ್ಪ. ಉಡುಮಲೈಪೇಟೆ ದಾಟಿ, ಚಿನ್ನಾರ್ ಕಾಡು ಹಾದು ಮರಯೂರು ಮುಟ್ಟುವಷ್ಟರಲ್ಲಿ ಪ್ರಯಾಣ ನಿಂತಿತು. ಮುಂದಿನ ಘಾಟಿಗೆ ವಾಹನ ಬಿಡುತ್ತಿರಲಿಲ್ಲ.

ಅದು ಕೇರಳವನ್ನು ಮುಳುಗಿಸಿದ ಮಹಾಮಳೆಯ ವಾರ. 1992ರ ನಂತರ ಮೊದಲ ಬಾರಿಗೆ ಇಡುಕ್ಕಿ ಜಲಾಶಯದ ಬಾಗಿಲುಗಳು ತೆರೆದಿದ್ದವು. ಮುನ್ನಾರು ಪಟ್ಟಣ ಹೊರಜಗತ್ತಿನಿಂದ ಕಡಿದುಹೋಗಿತ್ತು. ಅಲ್ಲಿಂದ ಉದ್ಯಾನದ ಕಡೆಗೆ ಹೋಗುವ ಪೆರಿಯವರೈ ಸೇತುವೆಯೂ ಆ ಪ್ರವಾಹದಲ್ಲಿ ಕುಸಿಯಿತು. ಗೆಳೆಯರು ಎರಡು ದಿನ ವಸತಿಗೃಹದ ಕಿಟಕಿಯಿಂದ ಮಳೆ ನೋಡಿ, ಲೆನ್ಸಿನ ಮುಚ್ಚಳ ತೆಗೆಯದೆ ಹಿಂದಿರುಗಿದರು. "ಹನ್ನೆರಡು ವರ್ಷಕ್ಕೊಮ್ಮೆ ಸಿಗುವ ಅವಕಾಶ ಕೈತಪ್ಪಿತು" ಎಂಬುದೊಂದೇ ಅವರ ಕೊರಗು.

ಕೊರಗು ಸಹಜವೇ. ಆದರೆ ಆ ಅವಕಾಶ ಯಾರದು?

ಕುರಿಂಜಿ ಪ್ರತಿವರ್ಷ ಹೂಬಿಟ್ಟು ಬದುಕುವ ಗಿಡವಲ್ಲ. ಹನ್ನೊಂದು ಮಳೆಗಾಲಗಳನ್ನು ಅದು ಯಾರ ಕಣ್ಣಿಗೂ ಬೀಳದ ಹಸಿರು ಪೊದೆಯಾಗಿ ಕಳೆಯುತ್ತದೆ. ಹನ್ನೆರಡನೆಯ ವರ್ಷ ಇಡೀ ಗುಡ್ಡದ ಗಿಡಗಳು ಒಟ್ಟಿಗೆ ಅರಳಿ, ಬೀಜ ಕಟ್ಟಿ, ಒಟ್ಟಿಗೆ ಸಾಯುತ್ತವೆ. ಹೀಗೆ ಒಮ್ಮೆಲೇ ಅಪಾರ ಬೀಜ ಸುರಿಯುವುದರಿಂದ, ಬೀಜ ತಿನ್ನುವ ಹುಳು ಹಕ್ಕಿಗಳು ಎಷ್ಟು ತಿಂದರೂ ನೆಲಕ್ಕೆ ಒಂದಿಷ್ಟು ಉಳಿಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ರೈತನಿಗೆ ಇದು ಬೇಗ ಅರ್ಥವಾಗುತ್ತದೆ: ಬಿತ್ತನೆಗೆಂದು ತೆಗೆದಿಟ್ಟ ಬತ್ತದ ಮೂಟೆಯನ್ನು ಯಾರೂ ತುಳಿಯುವುದಿಲ್ಲ. ಆದರೆ ಪ್ರವಾಸಿ ಕಿತ್ತ ಒಂದೊಂದು ಗೊಂಚಲೂ ಅಂಥ ಮೂಟೆಯಿಂದ ಕದ್ದದ್ದೇ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಎನ್ನುವ ಅನುಕೂಲ ಛಾಯಾಗ್ರಾಹಕನಿಗಿಲ್ಲದಿರಬಹುದು. ಆ ಗಿಡಕ್ಕಂತೂ ಖಂಡಿತ ಇಲ್ಲ. ಆ ವರ್ಷ ಸುರಿದ ಮಳೆ ಕ್ಯಾಮೆರಾಗಳನ್ನಷ್ಟೇ ತಡೆಯಲಿಲ್ಲ, ಹೂವನ್ನೂ ತಡಮಾಡಿತು.

ಅದೇ ವಾರ ಕೊಡಗಿನಲ್ಲಿ ಜೋಡುಪಾಲ, ಮಕ್ಕಂದೂರು ಸುತ್ತಮುತ್ತ ಗುಡ್ಡಗಳು ಜರಿದು ಜನ ಸತ್ತರು, ಮನೆ ತೋಟಗಳು ಹೂತುಹೋದವು. ಮಡಿಕೇರಿ-ಸಂಪಾಜೆ ಹೆದ್ದಾರಿ ಮುಚ್ಚಿತು. ಅತಿವೃಷ್ಟಿಯೇ ಮೊದಲ ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ರಸ್ತೆಗಾಗಿ, ಕಟ್ಟಡಗಳಿಗಾಗಿ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದಲ್ಲಿ ಧರೆಗೆ ಆಸರೆ ತಪ್ಪುತ್ತದೆ. ನೀರು ಹರಿಯುವ ದಾರಿ ಮುಚ್ಚಿದರೆ ಮಣ್ಣು ನೆನೆದು ಭಾರವಾಗಿ ಜಾರುತ್ತದೆ. ಗುಡ್ಡದ ನೆತ್ತಿಯವರೆಗೆ ಕಾರು ಹೋಗಲೇಬೇಕು, ಅಲ್ಲೇ ಉಳಿಯಲು ಕೋಣೆ ಸಿಗಲೇಬೇಕು ಎನ್ನುವ ಬೇಡಿಕೆಯಲ್ಲಿ ಚಿತ್ರ ತೆಗೆಯಲು ಬರುವವರ ಪಾಲೂ ಇದೆ. ಊರಿನವರ ಪಾಲಿಲ್ಲವೇ? ಇದೆ. ಕಾಫಿಗೆ ಬೆಲೆ ಬಿದ್ದ ವರ್ಷ ಹೋಂಸ್ಟೇ ಕೈಹಿಡಿದ ಮನೆಗಳು ಮಲೆನಾಡಿನಲ್ಲಿ ಕಡಿಮೆಯೇನಲ್ಲ. ಅವರನ್ನು ಬೈದು ಕೈತೊಳೆದುಕೊಳ್ಳುವುದು ನಗರದ ಪರಿಸರಪ್ರೇಮಿಗೆ ಸುಲಭ.

ಹೂವಿನ ಸುದ್ದಿ ಹಬ್ಬಿದೊಡನೆ ಏನಾಗುತ್ತದೆಂಬುದನ್ನು ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸಾಲಿನಲ್ಲಿ 2022ರಲ್ಲಿ ನಾವೆಲ್ಲ ಕಂಡೆವು. ಕಿರಿದಾದ ಗಿರಿಯ ದಾರಿಯಲ್ಲಿ ವಾಹನಗಳ ಸಾಲು; ಹುಲ್ಲುಗಾವಲಿನಲ್ಲಿ ಹೊಸ ಕಾಲುದಾರಿಗಳು. ಹುಲ್ಲು ಸವೆದ ಕಾಲುದಾರಿಯೇ ಮುಂದಿನ ಮಳೆಗೆ ಕೊರಕಲು. ಅರಳುವ ತಿಂಗಳುಗಳಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿ, ಬುಡದಿಂದ ಮೇಲಕ್ಕೆ ನಡಿಗೆ ಅಥವಾ ಊರಿನವರ ಜೀಪು, ದಾರಿ ಬಿಟ್ಟು ಕಾಲಿಡದಂತೆ ಸ್ಥಳೀಯ ಯುವಕರ ಕಾವಲು, ಅದಕ್ಕೆ ಪ್ರವೇಶ ಶುಲ್ಕದಿಂದಲೇ ಕೂಲಿ – ಇವು ಅಸಾಧ್ಯದ ಮಾತುಗಳಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೂ ಬಾಡಿದೊಡನೆ ಕಾವಲು ತೆಗೆಯಬಾರದು. ಕಾಯಿ ಬಲಿತು ಬೀಜ ಉದುರಲು ಇನ್ನೂ ತಿಂಗಳುಗಳು ಬೇಕು. ಆ ವೇಳೆಗೆ ಗುಡ್ಡದ ತುಂಬ ಒಣಗಿದ ಗಿಡಗಳು, ಬೇಸಿಗೆಯ ಬೆಂಕಿಗೆ ಒಂದು ಕಡ್ಡಿ ಸಾಕು.

ಕ್ಯಾಮೆರಾದಿಂದ ಉಪಕಾರವೇ ಇಲ್ಲವೆನ್ನಲಾಗದು. ಯಾವ ಗುಡ್ಡದಲ್ಲಿ ಯಾವ ಜಾತಿಯ ಕುರಿಂಜಿ ಯಾವ ದಿನ ಅರಳಿತು ಎಂದು ತಾರೀಖು ಸಮೇತ ದಾಖಲಿಸಿದ ಸಾಧಾರಣ ಚಿತ್ರ, ಬಣ್ಣ ತಿದ್ದಿದ ನೂರು ಚಿತ್ರಗಳಿಗಿಂತ ಉಪಯುಕ್ತ. ಮಲೆನಾಡಿನ ಕಾಲೇಜು ವಿದ್ಯಾರ್ಥಿಗಳು ಇದನ್ನು ಯಾವ ದುಬಾರಿ ಉಪಕರಣವೂ ಇಲ್ಲದೆ ಮಾಡಬಲ್ಲರು.

ಆ ನಾಲ್ವರಲ್ಲಿ ಒಬ್ಬಾಕೆ 2019ರ ಜನವರಿಯಲ್ಲಿ ಒಬ್ಬಳೇ ಬಸ್ಸಿನಲ್ಲಿ ಮುನ್ನಾರಿಗೆ ಹೋದಳು. ಹೂವಿನ ಕಾಲದ ನೂಕುನುಗ್ಗಲು ಕರಗಿತ್ತು. ಇಳಿಜಾರಿನ ತುಂಬ ಕಂದು ಬಣ್ಣದ ಒಣಗಡ್ಡಿಗಳು, ಅವುಗಳ ತುದಿಯಲ್ಲಿ ಬಲಿತ ಕಾಯಿಗಳು. ಆಕೆ ತೆಗೆದ ಆ ಚಿತ್ರವನ್ನು ಕಂಡ ಗೆಳೆಯರು, "ಇದರಲ್ಲಿ ಏನಿದೆ?" ಎಂದು ಕೇಳಿದರು. 2030ರ ಹೂವೆಲ್ಲ ಅದರಲ್ಲೇ ಇತ್ತು.