ಯೂರಿಯಾ ಎಲ್ಲಿಗೆ ಹೋಯಿತು?

ನಮ್ಮ ಮನೆ ಶಿವಮೊಗ್ಗದಲ್ಲಿ. ಎರಡು ಎಕರೆ ಹೊಲ ಮಾತ್ರ ಭದ್ರಾವತಿಯ ಆಚೆ, ಭದ್ರಾ ಹೊಳೆಯ ದಂಡೆಗೆ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಲ್ಲಿ ಜಾರಿಹೋಗುವ ಮರಳು ಮಣ್ಣು. ಎರಡು ವರ್ಷದ ಹಿಂದೆ ಅಲ್ಲಿ ಮೆಕ್ಕೆಜೋಳ ಹಾಕಿದ್ದೆ. ಪದೇ ಪದೇ ಬಸ್ಸು ಹತ್ತಲು ಸೋಮಾರಿತನವಾಗಿ, ಇಡೀ ಬೆಳೆಗೆ ಬೇಕಾದ ಯೂರಿಯಾವನ್ನು ಒಂದೇ ದಿನ ಹಾಕಿ ಬಂದೆ. ಆ ರಾತ್ರಿಯಿಂದ ಮೂರು ದಿನ ಬಿಡದೆ ಮಳೆ. ಹದಿನೈದು ದಿನ ಕಳೆದು ಹೋಗಿ ನೋಡಿದರೆ ಕೆಳಗಿನ ಎಲೆಗಳೆಲ್ಲ ಹಳದಿ.

ಜೊತೆಗೆ ಬಂದಿದ್ದ ತಂಗಿಯ ಮಗಳು, ಐದನೇ ಕ್ಲಾಸಿನವಳು, ಕೇಳಿದಳು: “ಹಾಕಿದ ಗೊಬ್ಬರ ಎಲ್ಲಿಗೆ ಹೋಯ್ತು ಮಾಮಾ?”

“ಮಳೆಗೆ ಇಳಿದುಹೋಯ್ತು.”

“ಇಳಿದು ಎಲ್ಲಿಗೆ?”

ಬಾವಿಕಟ್ಟೆಯ ಮೇಲೆ ಕೂತು, ಅದೇ ಬಾವಿಯ ನೀರು ಕುಡಿಯುತ್ತಾ ಕೇಳಿದ್ದಳು. ನನಗೆ ಮಾತು ಹೊರಡಲಿಲ್ಲ.

ಮಕ್ಕಳೇ, 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕೆ.ಜಿ. ಸಾರಜನಕ ಇರುತ್ತದೆ. ಮಣ್ಣಿನಲ್ಲಿ ಅದು ಕೆಲವು ದಿನಗಳಲ್ಲೇ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದಿಲ್ಲ, ನೀರು ಹೋದತ್ತ ಹೋಗುತ್ತದೆ. ಮರಳಿನಲ್ಲಿ ನೀರು ಸರ್ರನೆ ಇಳಿಯುವುದರಿಂದ ಬೇರು ಉಣ್ಣುವ ಮೊದಲೇ ಊಟ ಪಾತಾಳ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಹೆಚ್ಚಾದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ನಮ್ಮ ಬಾವಿಯ ನೀರು ಪರೀಕ್ಷೆ ಮಾಡಿಸಿದೆ. ಮಿತಿಯ ಅಂಚಿನಲ್ಲಿತ್ತು.

ಅಂದಿನಿಂದ ಬೇಸಾಯ ಬದಲಾಯಿಸಿದೆ. ಏಪ್ರಿಲ್‌ನ ಮೊದಲ ಮಳೆ ಬಿದ್ದೊಡನೆ ಸೆಣಬು ಚೆಲ್ಲುತ್ತೇನೆ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಡುತ್ತವೆ. ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಉತ್ತು ಮಣ್ಣಿಗೆ ಸೇರಿಸುತ್ತೇನೆ. ಎಳೆ ಸೊಪ್ಪು ಬೇಗ ಕೊಳೆಯುವುದರಿಂದ, ಎರಡು ವಾರ ಬಿಟ್ಟು ಜೋಳ ಬಿತ್ತಲೇಬೇಕು. ತಡಮಾಡಿದರೆ ಈ ಸಾರಜನಕವೂ ಬಾವಿಯ ದಾರಿ ಹಿಡಿಯುತ್ತದೆ. ಜೋಳ ಕೊಯ್ದ ಮೇಲೂ ನೆಲ ಬರಿದಾಗಿ ಬಿಡುವುದಿಲ್ಲ. ಉಳಿದ ತೇವಕ್ಕೆ ಹುರುಳಿ.

ಯೂರಿಯಾ ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನು ಮೂರು ಕಂತು ಮಾಡಿದ್ದೇನೆ: ಬಿತ್ತುವಾಗ ಸ್ವಲ್ಪ, ತಿಂಗಳಿಗೆ ಒಮ್ಮೆ, ಸೂಲಂಗಿ ಬರುವ ಮುಂಚೆ ಒಮ್ಮೆ. ದೊಡ್ಡ ಮಳೆಯ ಮೋಡ ಕಂಡರೆ ಚೀಲ ಬಿಚ್ಚುವುದಿಲ್ಲ. ಬಸ್ ಚಾರ್ಜು ಮೂರು ಪಟ್ಟಾಯಿತು, ಗೊಬ್ಬರದ ಖರ್ಚು ಇಳಿಯಿತು.

ನೀವೂ ಒಂದು ಕೆಲಸ ಮಾಡಿ. ಅಲಸಂದೆ ಗಿಡವೊಂದನ್ನು ಬೇರು ಹರಿಯದಂತೆ ಮೆಲ್ಲಗೆ ಅಗೆದು ತೆಗೆಯಿರಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಇಲ್ಲ.

ನಮ್ಮ ಹುಡುಗಿ ಈಗ ಹೊಲಕ್ಕೆ ಬಂದರೆ ಮೊದಲು ಸೆಣಬಿನ ಗಂಟು ಸೀಳಿ ನೋಡುತ್ತಾಳೆ. ಆಮೇಲೆ ಕೇಳುತ್ತಾಳೆ: “ಈ ವರ್ಷ ನೀರು ಪರೀಕ್ಷೆ ಮಾಡಿಸಿದ್ಯಾ?” ಮಾಡಿಸದೆ ತಪ್ಪಿಸಿಕೊಳ್ಳುವಂತಿಲ್ಲ.